ಮೇಕನ್ನಿಗೆ ಯಾರು ಹೋಗುತ್ತಾರೆ

ಟ್ರಾವೆಲ್ ಏಜೆಂಟಾಗಿ ನಾನು ಇಪ್ಪತ್ತಾರು ವರ್ಷ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ನಾನು ಟಿಕೆಟು ಬರೆದುಕೊಟ್ಟವರಲ್ಲಿ ಹೆಚ್ಚಿನವರು ಹೋಗಬೇಕಾದ ಊರಿಗೆ ಹೋಗಿ ಮುಟ್ಟಿದ್ದಾರೆ. ಅವರು ಯಾರೂ ಈಗ ನನಗೆ ನೆನಪಿಲ್ಲ. ಮುಟ್ಟದವರೆಲ್ಲರೂ ನೆನಪಿದ್ದಾರೆ. ಈಚೆಗೆ ನಮ್ಮ ಪರಿಚಯದವರ ಮಗಳೊಬ್ಬಳು ಇಲ್ಲೇ ಹತ್ತಿರದ ಪ್ಲೆಸೆಂಟನ್ನಿನಲ್ಲಿ ಪ್ರವಾಸದ ಕಂಪೆನಿಯೊಂದನ್ನು ಸೇರಿದ್ದಾಳೆ. ಈ ಕೆಲಸ ಹೇಗೆ ಆಂಟಿ ಎಂದು ಕೇಳಿದಳು. ಫೋನಿನಲ್ಲಿ ಹೇಳತೊಡಗಿದರೆ ಅರ್ಧಕ್ಕೆ ಅವಳಿಗೆ ಇನ್ನೊಂದು ಫೋನು ಬರುತ್ತದೆ. ಆದ್ದರಿಂದ ಬರೆದೇ ಕೊಡುತ್ತಿದ್ದೇನೆ.

ನಾನು ಸೇರಿದ್ದು ಎಂಬತ್ತರ ದಶಕದಲ್ಲಿ, ಗೋಲ್ಡನ್ ಗೇಟ್ ಸೇತುವೆಯ ಕಡೆಯ ಹೇವರ್ಡ್ ಎಂಬ ಊರಿನ ಒಂದು ಸಣ್ಣ ಆಫೀಸಿಗೆ. ಒಂದು ಪಕ್ಕದಲ್ಲಿ ಲಾಂಡ್ರಿ, ಇನ್ನೊಂದು ಪಕ್ಕದಲ್ಲಿ ಬೀಗದ ಕೈ ಮಾಡಿಕೊಡುವವನ ಅಂಗಡಿ. ಒಳಗೆ ಮೂರು ಮೇಜು. ಗೋಡೆಯ ಮೇಲೆ ಹವಾಯಿಯ ಚಿತ್ರ, ಪ್ಯಾರಿಸಿನ ಚಿತ್ರ, ಮತ್ತೊಮ್ಮೆ ಹವಾಯಿಯ ಚಿತ್ರ. ಎರಡನೆಯ ಹವಾಯಿ ಗೋಡೆಯ ಬಿರುಕು ಮುಚ್ಚುವುದಕ್ಕೆ.

ಯಜಮಾನಿಯ ಹೆಸರು ಡೋರಿಸ್. ಅರವತ್ತು ದಾಟಿದ, ಉದ್ದನೆಯ ಹೆಂಗಸು. ಕನ್ನಡಕವನ್ನು ಸರಪಳಿಯಲ್ಲಿ ಕುತ್ತಿಗೆಗೆ ತೂಗಿಸಿಕೊಂಡಿರುತ್ತಿದ್ದಳು, ಹಾಕಿಕೊಂಡದ್ದನ್ನು ನಾನು ಹೆಚ್ಚು ನೋಡಿಲ್ಲ. ಸಂದರ್ಶನದಲ್ಲಿ ನನಗೆ ಎಷ್ಟು ಭಾಷೆ ಬರುತ್ತದೆ ಎಂದು ಕೇಳಿದಳು. ಉಡುಪಿಯ ಕಡೆಯವಳಾದ್ದರಿಂದ ತುಳು, ಕನ್ನಡ, ಕೊಂಕಣಿ, ಹಿಂದಿ, ಇಂಗ್ಲಿಷು ಎಂದು ಐದು ಲೆಕ್ಕ ಕೊಟ್ಟೆ. ಐದರಲ್ಲಿಯೂ ತಪ್ಪಾಯಿತು ಅನ್ನುವುದಕ್ಕೆ ಬರುತ್ತದೆಯೇ ಎಂದು ಕೇಳಿದಳು. ಬರುತ್ತದೆ ಎಂದೆ, ಕೆಲಸ ಸಿಕ್ಕಿತು. ಮನೆಗೆ ಬಂದ ಮೇಲೆ ಯೋಚಿಸಿದರೆ, ತುಳುವಿನಲ್ಲಿ ನಾನು ಆ ಮಾತನ್ನು ಯಾರಿಗೂ ಹೇಳಿದ ನೆನಪಿರಲಿಲ್ಲ.

ಆಗ ಟಿಕೆಟನ್ನು ಕೈಯಲ್ಲಿ ಬರೆಯುತ್ತಿದ್ದೆವು. ಕೆಳಗೆ ಕೆಂಪು ಕಾರ್ಬನ್ ಇರುವ ಸಣ್ಣ ಪುಸ್ತಕ. ಒತ್ತಿ ಬರೆಯಬೇಕು, ಇಲ್ಲದಿದ್ದರೆ ನಾಲ್ಕನೆಯ ಹಾಳೆಯಲ್ಲಿ ಪ್ರಯಾಣಿಕನ ಹೆಸರೇ ಮಾಯ. ವಿಮಾನಗಳ ವೇಳಾಪಟ್ಟಿ ಎಂಬುದು ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಪುಸ್ತಕ, ಅಕ್ಷರಗಳು ಇರುವೆಗಿಂತ ಸಣ್ಣವು. ಅದರಲ್ಲಿ ವಾರದ ದಿನಗಳಿಗೆ ಅಂಕಿ. ಸೋಮವಾರ ಒಂದು, ಭಾನುವಾರ ಏಳು. ಏಳರ ಹಿಂದೆ ಎಕ್ಸ್ ಅಕ್ಷರ ಇದ್ದರೆ ಭಾನುವಾರ ಆ ವಿಮಾನ ಇಲ್ಲ ಎಂದರ್ಥ. ಇದನ್ನು ಡೋರಿಸ್ ನನಗೆ ಮೊದಲ ದಿನವೇ ಹೇಳಿದ್ದಳು. ನಾನು ತಲೆ ಆಡಿಸಿದ್ದೆ.

ಮೂರನೆಯ ವಾರದಲ್ಲಿ, ಬೆಂಗಳೂರು ಕಡೆಯ ಒಬ್ಬ ಡಾಕ್ಟರು ಮತ್ತು ಅವರ ಹೆಂಡತಿಗೆ ಮೊಮ್ಮಗಳ ನಾಮಕರಣಕ್ಕೆಂದು ಮಿನಿಯಾಪೊಲಿಸ್ಸಿಗೆ ಟಿಕೆಟು ಬರೆದೆ. ಡೆನ್ವರಿನಲ್ಲಿ ವಿಮಾನ ಬದಲಿಸಬೇಕು. ಅವರು ಹೊರಟದ್ದು ಭಾನುವಾರ. ಡೆನ್ವರಿನವರೆಗೆ ಏನೂ ತೊಂದರೆ ಆಗಲಿಲ್ಲ.

ವಿಷಯ ಗೊತ್ತಾದಾಗ ಡೋರಿಸ್ ಬೈಯಲಿಲ್ಲ. ಫೋನನ್ನು ನನ್ನ ಮುಂದಕ್ಕೆ ತಳ್ಳಿ, ನಿಲ್ದಾಣದಲ್ಲಿ ಅವರ ಹೆಸರು ಕೂಗಿಸಿ ಮಾತಾಡು ಎಂದಳು. ಡಾಕ್ಟರು ಫೋನಿಗೆ ಬಂದರು. ನಾನು ನಾಲ್ಕು ಭಾಷೆಗಳನ್ನು ಕಲಸಿ ಏನೋ ಹೇಳಿದೆ. "ಪರವಾಗಿಲ್ಲಮ್ಮ, ಇಲ್ಲಿ ಕುರ್ಚಿಗಳು ಚೆನ್ನಾಗಿವೆ" ಎಂದರು. ಇವರು ಹೋಗುವಷ್ಟರಲ್ಲಿ ಮಗುವಿಗೆ ಹೆಸರಿಟ್ಟಾಗಿತ್ತು. ಮರುವರ್ಷ ಟಿಕೆಟಿಗೆ ಮತ್ತೆ ನನ್ನ ಹತ್ತಿರವೇ ಬಂದರು, ಒಂದು ಭೂತಗನ್ನಡಿಯನ್ನು ಜೇಬಿನಲ್ಲಿಟ್ಟುಕೊಂಡು. ವೇಳಾಪಟ್ಟಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ತಾವೇ ಓದಿದರು.

ಡೆನ್ವರಿನ ಆ ಫೋನು ಇಟ್ಟ ದಿನವೇ ಡೋರಿಸ್ ನನಗೆ ಎರಡು ನಿಯಮ ಹೇಳಿದಳು. ಯಾವ ಊರನ್ನೂ ಚೆನ್ನಾಗಿದೆ ಅನ್ನಬಾರದು, ಅಲ್ಲಿ ಏನಿದೆ ಎಂದಷ್ಟೇ ಹೇಳಬೇಕು. ಸೀಟು ಇದ್ದಾಗ ಯಾರಿಗೂ ಇಲ್ಲ ಅನ್ನಬಾರದು, ಇಲ್ಲದಾಗ ಇದೆ ಅನ್ನಬಾರದು. ಮೊದಲನೆಯದನ್ನು ನಾನು ಒಮ್ಮೆ ಮುರಿದೆ. ಎರಡನೆಯದನ್ನು ಆ ವರ್ಷ ಎರಡು ತಿಂಗಳು ಪ್ರತಿ ಸೋಮವಾರ ಮುರಿದೆ.

ಅದಕ್ಕೆ ಕಾರಣ ನನ್ನ ಅತ್ತೆ, ಕಲ್ಯಾಣಿ. ನಾವು ಮನೆಯಲ್ಲಿ ಮಾತಾಡುವುದು ತುಳು, ಹಾಗಾಗಿ ನಾನು ಅವರನ್ನು ಕರೆಯುತ್ತಿದ್ದದ್ದು ಮಾಮಿ ಎಂದು. ನಮ್ಮ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಆ ವರ್ಷ ಜನವರಿಯಲ್ಲಿ ಅವರು ನಮ್ಮಲ್ಲಿಗೆ ಬಂದರು. ಮಗ, ಅಂದರೆ ನಮ್ಮವರು, ಗ್ರೀನ್ ಕಾರ್ಡು ಮಾಡಿಸಿಯೇ ಕರೆಸಿದ್ದರಿಂದ ವೀಸಾದ ಗಡಿಬಿಡಿ ಇರಲಿಲ್ಲ. ನಮ್ಮ ಮಗಳು ವೀಣಾಳಿಗೆ ಆಗ ಎರಡು ವರ್ಷ. ಅವಳನ್ನು ನೋಡಿಕೊಳ್ಳಲು ಅತ್ತೆ ಇದ್ದಾರೆಂದೇ ನಾನು ಫೆಬ್ರುವರಿಯಲ್ಲಿ ಕೆಲಸಕ್ಕೆ ಸೇರಿದ್ದು. ಹತ್ತಿರದ ಡೇಕೇರುಗಳಲ್ಲಿ ಮೂರು ತುಂಬದ ಮಕ್ಕಳಿಗೆ ಜಾಗವಿರಲಿಲ್ಲ. ಅತ್ತೆ ಹೊರಟರೆ ನನ್ನ ಕೆಲಸವೂ ಹೊರಟಿತು.

ಅತ್ತೆಗೆ ಹೇವರ್ಡು ಹಿಡಿಸಲಿಲ್ಲ. ದೂರು ಹೇಳುವ ಜನವಲ್ಲ ಅವರು. ಬೇಸಗೆಯಲ್ಲಿಯೂ ಸ್ವೆಟರು ಹಾಕಿಕೊಂಡು ಅಪಾರ್ಟ್‌ಮೆಂಟಿನ ಕಿಟಕಿಯ ಹತ್ತಿರ ಕೂರುತ್ತಿದ್ದರು. ನಮ್ಮ ಬೀದಿಯಲ್ಲಿ ನಡೆದುಕೊಂಡು ಹೋಗುತ್ತಿದ್ದ ಮನುಷ್ಯ ಒಬ್ಬನೇ, ಟಪಾಲಿನವನು. ಮಗ ಅವರನ್ನು ಗೋಲ್ಡನ್ ಗೇಟ್ ಸೇತುವೆಗೆ ಕರೆದುಕೊಂಡು ಹೋದ, ಡಿಸ್ನಿಲ್ಯಾಂಡಿಗೆ ಕರೆದುಕೊಂಡು ಹೋದ, ಗ್ರ್ಯಾಂಡ್ ಕ್ಯಾನಿಯನ್ನಿನ ಅಂಚಿನಲ್ಲಿ ನಿಲ್ಲಿಸಿದ. ಎಲ್ಲ ಕಡೆಯೂ ಅತ್ತೆ ನೋಡಿ, "ಆಯ್ತಲ್ಲ" ಎಂದರು.

ಅವರ ವಾಪಸು ಟಿಕೆಟು ಓಪನ್ ಆಗಿತ್ತು. ಅಂದರೆ ಒಂದು ವರ್ಷದೊಳಗೆ ಯಾವಾಗ ಬೇಕಾದರೂ ಹೋಗಬಹುದು, ಏಜೆಂಟು ಸೀಟು ಹಿಡಿದು ತಾರೀಕಿನ ಸ್ಟಿಕ್ಕರು ಅಂಟಿಸಿಕೊಡಬೇಕು. ಏಜೆಂಟು ನಾನೇ. ಏಪ್ರಿಲಿನಿಂದ ಪ್ರತಿ ಸೋಮವಾರ ಬೆಳಿಗ್ಗೆ ನಾನು ಹೊರಡುವಾಗ ಅತ್ತೆ ಬಾಗಿಲಿಗೆ ಬಂದು, ಇವತ್ತು ಸೀಟು ನೋಡು ಅನ್ನುತ್ತಿದ್ದರು. ಸಂಜೆ ನಾನು ಬಂದು, "ಫುಲ್ ಅಂತೆ ಮಾಮಿ" ಅನ್ನುತ್ತಿದ್ದೆ. ಏಪ್ರಿಲಿನಲ್ಲಿ ಅದು ನಿಜವೂ ಆಗಿತ್ತು. ಮೇ ತಿಂಗಳಲ್ಲಿ ನಮ್ಮ ಆಫೀಸಿಗೆ ಕಂಪ್ಯೂಟರು ಬಂತು. ಅದುವರೆಗೆ ವಿಮಾನದವರಿಗೆ ಫೋನು ಮಾಡಿ, ಅವರು ಹಾಕುವ ಸಂಗೀತ ಕೇಳುತ್ತ ಕಾಯಬೇಕಿತ್ತು. ಈಗ ಹಸಿರು ಅಕ್ಷರಗಳಲ್ಲಿ ಸೀಟಿನ ಅಂಕಿ ಕಣ್ಣೆದುರೇ ಬರುತ್ತಿತ್ತು. ಬಾಂಬೆಯ ದಾರಿಯಲ್ಲಿ ವಾರವಾರವೂ ಏಳು ಎಂದು ತೋರಿಸುತ್ತಿತ್ತು. ಆ ಯಂತ್ರದಲ್ಲಿ ಏಳು ಅಂದರೆ ಏಳು ಅಥವಾ ಅದಕ್ಕಿಂತ ಹೆಚ್ಚು. ನಾನು ಪರದೆ ನೋಡುತ್ತಿದ್ದೆ, ಮನೆಗೆ ಹೋಗುತ್ತಿದ್ದೆ, ಫುಲ್ ಅನ್ನುತ್ತಿದ್ದೆ. ಕಂಪ್ಯೂಟರಿನಿಂದ ಕೆಲಸ ಹಗುರವಾಯಿತು ಎಂದು ಎಲ್ಲರೂ ಹೇಳುತ್ತಿದ್ದ ಕಾಲ ಅದು.

ಜೂನಿನಲ್ಲಿ ಒಂದು ಪತ್ರ ಬಂತು. ದಕ್ಷಿಣದ ಜಾರ್ಜಿಯಾ ರಾಜ್ಯದ ಮೇಕನ್ ಎಂಬ ಊರಿನವರು ಟ್ರಾವೆಲ್ ಏಜೆಂಟರನ್ನು ತಮ್ಮ ಖರ್ಚಿನಲ್ಲಿ ನಾಲ್ಕು ದಿನಕ್ಕೆ ಕರೆಸಿ ಊರು ತೋರಿಸುತ್ತಾರಂತೆ. ಜತೆಗೆ ಒಬ್ಬರನ್ನು ಕರೆದುಕೊಂಡು ಬರಬಹುದು. ನೋಡಿದ ಮೇಲೆ ನಮ್ಮ ಗಿರಾಕಿಗಳನ್ನು ಅಲ್ಲಿಗೆ ಕಳಿಸಬೇಕು, ಅಷ್ಟೇ. ಊರು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಪತ್ರದ ಜತೆ ಬಂದ ಪುಸ್ತಿಕೆಯ ತುಂಬ ಗುಲಾಬಿ ಬಣ್ಣದ ಚೆರಿ ಹೂವು.

ಡೋರಿಸ್ ಪುಸ್ತಿಕೆಯನ್ನು ಕಸದ ಬುಟ್ಟಿಯ ಮೇಲೆ ಹಿಡಿದುಕೊಂಡೇ ಮಾತಾಡಿದಳು. ಹದಿನೈದು ವರ್ಷದಲ್ಲಿ ಮೇಕನ್ ಬೇಕು ಎಂದು ಒಬ್ಬರೂ ಕೇಳಿಲ್ಲ. ದಕ್ಷಿಣ ಅಂದರೆ ಜನ ನ್ಯೂ ಆರ್ಲಿಯನ್ಸ್ ಕೇಳುತ್ತಾರೆ. ಅದು ಬಿಟ್ಟರೆ ಅಟ್ಲಾಂಟಾ ಕೇಳುತ್ತಾರೆ, ಅದೂ ವಿಮಾನ ಬದಲಿಸಲು. ನಾನು ವಾದಕ್ಕೆ ನಿಂತೆ. ಇತಿಹಾಸ ಇದೆ ಎಂದೆ, ಕಂಬಗಳ ದೊಡ್ಡ ಮನೆಗಳಿವೆ ಎಂದೆ, ಹೂವಿದೆ ಎಂದೆ, ಬಹಳ ಚೆನ್ನಾಗಿದೆಯಂತೆ ಎಂದೆ. ಎಲ್ಲವೂ ಪುಸ್ತಿಕೆಯಲ್ಲಿದ್ದ ಮಾತು. ನನಗೆ ಬೇಕಾಗಿದ್ದದ್ದು ಆ ಎರಡನೆಯ ಸೀಟು. ಅತ್ತೆಗೆ ಏನಾದರೂ ತೋರಿಸಿ ಮನಸ್ಸು ತಿರುಗಿಸಿದರೆ ಸೋಮವಾರದ ಸುಳ್ಳು ನಿಲ್ಲಬಹುದು ಎಂಬ ಆಸೆ.

ಹೇವರ್ಡಿನ ಮಹಿಳಾ ಸಂಘವೊಂದು ದಕ್ಷಿಣದಲ್ಲಿ ಹೊಸ ಜಾಗ ಹುಡುಕಿಕೊಡಿ ಎಂದು ಡೋರಿಸಳ ಬೆನ್ನು ಹತ್ತಿತ್ತು. ಹಾಗಾಗಿ ಕೊನೆಗೆ ಒಪ್ಪಿದಳು. ಒಂದು ಕಾಗದದ ಮೇಲೆ ಒಂದೇ ಪ್ರಶ್ನೆ ಬರೆದು ಕೊಟ್ಟಳು: ನಿನ್ನ ಸ್ವಂತ ತಾಯಿಯನ್ನು ಈ ಊರಿಗೆ ಕಳಿಸುತ್ತೀಯಾ? ಬರುವಾಗ ಉತ್ತರ ಬರೆದು ತಾ ಎಂದಳು.

ಮನೆಯಲ್ಲಿ ಎರಡನೆಯ ಚರ್ಚೆ. ನಮ್ಮವರು ಗೋದಾಮಿನಲ್ಲಿ ಸೂಪರ್‌ವೈಸರು, ಎಲ್ಲದಕ್ಕೂ ನಕ್ಷೆ ತೆಗೆಯುವವರು. ನಕ್ಷೆ ಹಾಸಿ, ಅಟ್ಲಾಂಟಾದ ಮೇಲೆ ಬೆರಳಿಟ್ಟು, "ಇಲ್ಲಿ ಇಳಿದು, ಇದನ್ನು ಬಿಟ್ಟು, ಮೇಕನ್ನಿಗೆ ಯಾರು ಹೋಗ್ತಾರೆ ಮಾರಾಯ್ತಿ? ಉಡುಪಿಗೆ ಬಂದವರಿಗೆ ಮಠ ತೋರಿಸದೆ ಹಿರಿಯಡ್ಕದ ಬಸ್‌ಸ್ಟ್ಯಾಂಡಿಗೆ ಕರ್ಕೊಂಡು ಹೋದ ಹಾಗೆ ಆಯ್ತು" ಎಂದರು. ಅತ್ತೆಯ ತವರು ಹಿರಿಯಡ್ಕ. ಅವರು ಪೆಟ್ಟಿಗೆಗೆ ಎರಡು ಸೀರೆ, ಒಂದು ಬಾಟ್ಲಿ ಮಿಡಿ ಉಪ್ಪಿನಕಾಯಿ ಹಾಕಿದರು. ಮಗುವನ್ನು ನೋಡಿಕೊಳ್ಳಲು ನಮ್ಮವರು ನಾಲ್ಕು ದಿನ ರಜೆ ಹಾಕಿದರು. ಆ ನಾಲ್ಕು ದಿನಗಳ ಬಗ್ಗೆ ಅವರು ಇವತ್ತಿಗೂ ಹೆಚ್ಚು ಮಾತಾಡುವುದಿಲ್ಲ.

ನಾವು ಹೋದದ್ದು ಜುಲೈಯಲ್ಲಿ. ಚೆರಿ ಹೂವು ಬಿಡುವುದು ಮಾರ್ಚಿನಲ್ಲಿ. ನಮಗೆ ಊರು ತೋರಿಸಲು ಬಂದ ಹುಡುಗಿ ಪ್ರತಿಯೊಂದು ಮರದ ಕೆಳಗೂ ವ್ಯಾನು ನಿಲ್ಲಿಸಿ, ಮಾರ್ಚಿನಲ್ಲಿ ಬಂದಿದ್ದರೆ ಎಂದು ಶುರುಮಾಡುತ್ತಿದ್ದಳು. ಮರಗಳು ಬಹಳ ಇದ್ದವು. ಕಂಬಗಳ ದೊಡ್ಡ ಮನೆ ಐದು ನೋಡಿದೆವು. ಹಿಂದಿನ ಕಾಲದ ಮೂಲನಿವಾಸಿಗಳು ಮಣ್ಣು ಹೊತ್ತು ಕಟ್ಟಿದ ದಿಬ್ಬಗಳನ್ನು ನೋಡಿದೆವು. ಅವು ನಿಜವಾಗಿ ದೊಡ್ಡವು. ರೈಲು ಬಾರದ ಒಂದು ಭವ್ಯ ರೈಲು ನಿಲ್ದಾಣವನ್ನೂ ನೋಡಿದೆವು. ಚಿಕಾಗೋದಿಂದ ಬಂದಿದ್ದ ಏಜೆಂಟು ವ್ಯಾನಿನಲ್ಲೇ ನಿದ್ದೆಹೋದ.

ಅತ್ತೆ ಮಾತ್ರ ಬೇರೆಯೇ ಏನನ್ನೋ ನೋಡುತ್ತಿದ್ದರು. ಅಟ್ಲಾಂಟಾ ನಿಲ್ದಾಣದ ಬಾಗಿಲು ದಾಟಿ ಹೊರಗೆ ಕಾಲಿಟ್ಟ ಕೂಡಲೇ ಸ್ವೆಟರು ತೆಗೆದು ನನ್ನ ಕೈಗೆ ಕೊಟ್ಟರು. ಕುತ್ತಿಗೆಯನ್ನು ಸೆರಗಿನಿಂದ ಒರೆಸಿಕೊಂಡು, "ಬೆವರಿತು ನೋಡು" ಎಂದರು, ಬಹುಮಾನ ಬಂದವರ ಹಾಗೆ. ದಾರಿಯುದ್ದಕ್ಕೂ ಮಣ್ಣು ಕೆಂಪು, ಹೆಂಚಿನಷ್ಟು ಕೆಂಪು. ಒಂದು ತಿರುವಿನಲ್ಲಿ ಒಬ್ಬ ಮುದುಕ ದೊಡ್ಡ ಹಂಡೆಯಲ್ಲಿ ನೆಲಗಡಲೆಯನ್ನು ಸಿಪ್ಪೆ ಸಮೇತ ಬೇಯಿಸಿ ಮಾರುತ್ತಿದ್ದ. ಈ ದೇಶದವರು ನೆಲಗಡಲೆಯನ್ನು ಹುರಿಯುವುದು ಬಿಟ್ಟು ಬೇರೇನೂ ಮಾಡುವುದಿಲ್ಲ ಎಂದು ಅತ್ತೆ ತೀರ್ಮಾನಿಸಿಬಿಟ್ಟಿದ್ದರು. ಪೊಟ್ಟಣ ಬಿಚ್ಚಿ ಒಂದು ತಿಂದು, "ಇವರಿಗೆ ಗೊತ್ತುಂಟು" ಎಂದರು.

ನಮ್ಮನ್ನು ಇಳಿಸಿದ್ದು ಈವಾ ಎಂಬ ಮುದುಕಿಯ ಮನೆಯಲ್ಲಿ. ಮುಂದೆ ಉದ್ದದ ಜಗಲಿ, ಜಗಲಿಯಲ್ಲಿ ಎರಡು ತೂಗುಕುರ್ಚಿ. ಬೆಳಿಗ್ಗೆ ಮೆಕ್ಕೆಜೋಳದ ಬಿಳಿ ನುಚ್ಚನ್ನು ಗಂಜಿಯ ಹಾಗೆ ಬೇಯಿಸಿ ಬಡಿಸಿದಳು. ಅತ್ತೆ ಎದ್ದುಹೋಗಿ ಉಪ್ಪಿನಕಾಯಿ ತಂದು ತಾವೂ ಹಾಕಿಕೊಂಡು ಈವಾಳ ತಟ್ಟೆಗೂ ಒಂದು ಮಿಡಿ ಹಾಕಿದರು. ಈವಾ ಕಣ್ಣಲ್ಲಿ ನೀರು ತುಂಬಿಕೊಂಡು ಪೂರ್ತಿ ತಿಂದಳು. ಎರಡನೆಯ ದಿನ ವ್ಯಾನು ಬಂದಾಗ ಅತ್ತೆ, ನೀನು ಹೋಗಿ ಬಾ, ನಾನು ಮರ ನೋಡಿದ್ದೇನೆ ಎಂದರು.

ಮಧ್ಯಾಹ್ನ ನಾನು ಬಂದಾಗ ಇಬ್ಬರ ನಡುವೆ ಒಂದು ಬುಟ್ಟಿ ಅಲಸಂಡೆ. ಇಬ್ಬರೂ ಕೋಡು ಬಿಡಿಸಿ ಕಾಳು ತೆಗೆಯುತ್ತಿದ್ದರು, ಒಬ್ಬಳು ಇಂಗ್ಲಿಷಿನಲ್ಲಿ ಮಾತಾಡುತ್ತ, ಒಬ್ಬರು ತುಳುವಿನಲ್ಲಿ ಮಾತಾಡುತ್ತ. ಅತ್ತೆಗೆ ಇಂಗ್ಲಿಷಿನಲ್ಲಿ ಥ್ಯಾಂಕ್ಯೂ ಒಂದೇ ಬರುತ್ತಿದ್ದದ್ದು. ನಿಮ್ಮ ಅತ್ತೆಗೆ ಇಬ್ಬರು ತಂಗಿಯರಂತೆ, ಚಿಕ್ಕವಳ ಗಂಡ ಸರಿ ಇಲ್ಲವಂತೆ ಎಂದು ಈವಾ ನನಗೆ ತಿಳಿಸಿದಳು. ಎರಡೂ ನಿಜ. ಎರಡನೆಯದು ನನಗೇ ಗೊತ್ತಿರಲಿಲ್ಲ.

ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಹೋಗುವವರೆಲ್ಲ ಜಗಲಿಯತ್ತ ತಿರುಗಿ ಮಾತಾಡಿಸುತ್ತಿದ್ದರು. ಗುರುತು ಸಿಗದವರನ್ನು ಈವಾ ನಿಲ್ಲಿಸಿ, ಯಾರ ಮಗ, ಯಾವ ಬೀದಿ ಎಂದು ಕೇಳುತ್ತಿದ್ದಳು. ಅವರು ಹೋದ ಮೇಲೆ ಅತ್ತೆ ನನ್ನ ಕಡೆ ತಿರುಗಿ, "ಯಾರ ಮಗನಂತೆ?" ಎಂದು ವಿಚಾರಿಸುತ್ತಿದ್ದರು. ಆರು ತಿಂಗಳಲ್ಲಿ ನಾನು ಅವರ ಬಾಯಲ್ಲಿ ಇಷ್ಟು ಪ್ರಶ್ನೆ ಕೇಳಿರಲಿಲ್ಲ.

ಕೊನೆಯ ದಿನ ಸಂಜೆ ಈವಾ ಒಳಗೆ ಅಡುಗೆ ಮಾಡುತ್ತಿದ್ದಳು. ನಾನು ಡೋರಿಸಳ ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದೆ. ಪ್ರಶ್ನೆ ಸ್ವಂತ ತಾಯಿಯದಾಗಿತ್ತು, ಆದರೆ ಪಕ್ಕದಲ್ಲಿ ಅಲಸಂಡೆ ಬಿಡಿಸುತ್ತ ಇದ್ದದ್ದು ಅತ್ತೆ. ಊರು ಹೇಗುಂಟು ಮಾಮಿ, ಆಫೀಸಿಗೆ ಬರೆದುಕೊಡಬೇಕು ಎಂದೆ.

"ನಮ್ಮ ಹಿರಿಯಡ್ಕದ ಹಾಗೆ ಉಂಟು. ನೋಡ್ಲಿಕ್ಕೆ ಎಂತದೂ ಇಲ್ಲ. ಕೂರ್ಲಿಕ್ಕೆ ಆಗ್ತದೆ."

ನಾನು ಅದನ್ನೇ ಬರೆದುಕೊಂಡೆ. ಅವರು ಇನ್ನೊಂದು ಕೋಡು ಬಿಡಿಸಿದರು.

"ಬಾಂಬೆಯ ವಿಮಾನದಲ್ಲಿ ಸೀಟು ಉಂಟಲ್ಲ ವಾರಿಜಾ?"

ನನ್ನ ಪೆನ್ನು ನಿಂತಿತು.

"ಊಟಕ್ಕೆ ಕೂತಾಗ ಬಾಂಬೆಗೆ ಸೀಟು ಬೇಕು ಅಂತ ನಮ್ಮ ಕಡೆಯವರು ಯಾರ್‍ಯಾರೋ ಫೋನು ಮಾಡ್ತಾರೆ. ಅವರಿಗೆಲ್ಲ ಮುಂದಿನ ವಾರಕ್ಕೆ ಸಿಗ್ತದೆ, ಅದರ ಮುಂದಿನ ವಾರಕ್ಕೆ ಸಿಗ್ತದೆ ಅಂತಿ. ನಂಗೆ ಮಾತ್ರ ಫುಲ್ಲು. ನಾನು ಅಲ್ಲೇ ಮಗುವಿಗೆ ಊಟ ಮಾಡಿಸ್ತಾ ಇರ್ತೇನೆ."

"ಉಂಟು ಮಾಮಿ" ಎಂದೆ. ಯಾವಾಗಿನಿಂದ ಎಂದು ಕೇಳಿದರು. ಮೇ ತಿಂಗಳಿನಿಂದ ಎಂದೆ.

ಅವರು ಸಿಟ್ಟು ಮಾಡಿದ್ದರೆ ನಾನು ತಡೆದುಕೊಳ್ಳುತ್ತಿದ್ದೆನೋ ಏನೋ. ಅವರು ಕಾಳುಗಳನ್ನು ಬುಟ್ಟಿಗೆ ಹಾಕಿ, ಸಿಪ್ಪೆಯನ್ನು ಬೇರೆ ಇಟ್ಟರು. ನನಗೆ ನಾಚಿಕೆಯಿಂದ ಅಳು ಬಂತು. ಡೆನ್ವರಿನಲ್ಲಿ ಇಬ್ಬರನ್ನು ಒಂದು ದಿನ ಕೂರಿಸಿದ್ದಕ್ಕೆ ವಾರವಿಡೀ ಒದ್ದಾಡಿದವಳು, ಮನೆಯಲ್ಲಿ ಒಬ್ಬರನ್ನು ಎರಡು ತಿಂಗಳು ಕೂರಿಸಿಟ್ಟು ಸುಮ್ಮನಿದ್ದೆ. ತಪ್ಪಾಯಿತು ಎಂದು ತುಳುವಿನಲ್ಲಿ ಹೇಳಿದೆ. ನೀವು ಹೋದರೆ ಮಗುವಿಗೆ ಯಾರೂ ಇಲ್ಲ, ಕೆಲಸ ಬಿಡಬೇಕು, ನನಗೆ ಈ ಕೆಲಸ ಇಷ್ಟ ಎಂದೆಲ್ಲ ಹೇಳಿದೆ.

"ಇರಿ ಅಂತ ಒಂದು ಸಲ ಕೇಳ್ಲಿಲ್ಲ ನೀನು."

"ಆಗುದಿಲ್ಲ ಅಂತೀರಿ ಅಂತ ಹೆದರಿಕೆ ಇತ್ತು. ಈಗ ಕೇಳ್ತೇನೆ. ಇರಿ ಮಾಮಿ."

ಅತ್ತೆ ಬೀದಿಯಲ್ಲಿ ಹೋಗುತ್ತಿದ್ದ ಯಾರಿಗೋ ಕೈ ಎತ್ತಿದರು. ಆಮೇಲೆ, "ಮೊದಲು ತಾರೀಕು ಹಾಕು. ಹೋಗುವ ದಿನ ಯಾವುದು ಅಂತ ಗೊತ್ತಿಲ್ಲದೆ ನಂಗೆ ಎಲ್ಲಿಯೂ ಕೂರ್ಲಿಕ್ಕೆ ಆಗುದಿಲ್ಲ" ಎಂದರು.

ಸೋಮವಾರ ಆಫೀಸಿಗೆ ಹೋದವಳು ಮೊದಲು ಮಾಡಿದ ಕೆಲಸ ಸೆಪ್ಟೆಂಬರಿಗೆ ಒಂದು ಸೀಟು ಹಿಡಿದು, ಅತ್ತೆಯ ಟಿಕೆಟಿಗೆ ಸ್ಟಿಕ್ಕರು ಅಂಟಿಸಿದ್ದು. ಎರಡನೆಯದು ವರದಿ ಕೊಟ್ಟದ್ದು. ಡೋರಿಸ್ ಅಂದು ಕನ್ನಡಕ ಹಾಕಿಕೊಂಡು ಓದಿದಳು. ನೋಡಲು ಏನೂ ಇಲ್ಲ, ಕೂರಲು ಆಗುತ್ತದೆ, ಜುಲೈಯಲ್ಲಿ ಹೂವಿಲ್ಲ, ಬೆವರುತ್ತದೆ, ಗುರುತಿಲ್ಲದವರು ಮಾತಾಡಿಸುತ್ತಾರೆ, ಅದು ಬೇಡ ಅನ್ನುವವರು ಹೋಗಬಾರದು. ಇದನ್ನು ನಾನು ಹೇಗೆ ಮಾರಲಿ ಎಂದು ಕೇಳಿದಳು. ಮಾರುವುದು ಬೇಡ, ಹೇಳಿ ಸಾಕು ಎಂದೆ. ಮಹಿಳಾ ಸಂಘದವರಿಗೆ ಅದನ್ನೇ ಓದಿ ಹೇಳಿದಳು. ಅರ್ಧ ಜನ ಕೂಡಲೇ ಹಿಂದೆ ಸರಿದರು. ಉಳಿದರ್ಧ ಹೋಗಿ ಬಂದರು, ಅವರಲ್ಲಿ ಇಬ್ಬರು ಮರುವರ್ಷವೂ ಹೋದರು. ನಮ್ಮವರ ಪ್ರಕಾರ ಅವರಿಗೆ ನಕ್ಷೆ ನೋಡಲು ಬರುವುದಿಲ್ಲ.

ಅತ್ತೆ ಟಿಕೆಟನ್ನು ತಮ್ಮ ಸೀರೆಗಳ ನಡುವೆ ಇಟ್ಟುಕೊಂಡರು. ನಾನು ಸೋಮವಾರಗಳಲ್ಲಿ ಡೇಕೇರುಗಳಿಗೆ ಫೋನು ಮಾಡುತ್ತಿದ್ದೆ. ಇರಿ ಎಂದು ಮತ್ತೆ ಕೇಳಲಿಲ್ಲ, ಒಮ್ಮೆ ಕೇಳಿಯಾಗಿತ್ತು. ಆಗಸ್ಟಿನಿಂದ ಅವರು ಅಪಾರ್ಟ್‌ಮೆಂಟಿನ ಮುಂದಿನ ಮೆಟ್ಟಿಲಿಗೆ ಕುರ್ಚಿ ಹಾಕಿಸಿಕೊಂಡು, ಸ್ವೆಟರು ಹಾಕಿಕೊಂಡು ಕೂರತೊಡಗಿದರು. ಟಪಾಲಿನವನು ಯಾರ ಮಗ ಎಂದು ನನ್ನಿಂದ ಕೇಳಿಸಿ ತಿಳಿದುಕೊಂಡರು. ಸೆಪ್ಟೆಂಬರು ಹತ್ತಿರ ಬಂದಾಗ ಮಗುವಿಗೆ ಜ್ವರ ಇತ್ತು. ಅತ್ತೆ ಟಿಕೆಟು ತಂದು ನನ್ನ ಚೀಲದ ಮೇಲಿಟ್ಟು, ಅಕ್ಟೋಬರಿಗೆ ಹಾಕು ಎಂದರು. ಅಕ್ಟೋಬರಿನಲ್ಲಿ, ದೀಪಾವಳಿ ಇಲ್ಲೇ ಆಗಲಿ ಎಂದರು. ದೀಪಾವಳಿಯ ಮೇಲೆ ಕಾರಣವನ್ನೂ ಹೇಳಲಿಲ್ಲ, ತಿಂಗಳ ಹೆಸರು ಮಾತ್ರ ಹೇಳಿದರು. ನಾನು ಸ್ಟಿಕ್ಕರಿನ ಮೇಲೆ ಸ್ಟಿಕ್ಕರು ಅಂಟಿಸುತ್ತ ಹೋದೆ. ಟಿಕೆಟಿನ ಆ ಹಾಳೆ ದಪ್ಪಗಾಗಿ ಮಡಚಲು ಬಾರದಂತಾಯಿತು.

ವರ್ಷ ತುಂಬುವ ಹೊತ್ತಿಗೆ, ಜನವರಿಯಲ್ಲಿ, ಟಿಕೆಟಿನ ಅವಧಿ ಮುಗಿಯುವ ದಿನ ಅತ್ತೆ ಹೊರಟರು. ವೀಣಾಳಿಗೆ ಮೂರು ತುಂಬಿ ಡೇಕೇರಿನಲ್ಲಿ ಜಾಗ ಸಿಕ್ಕಿತ್ತು. ಅವಳು ನಿಲ್ದಾಣದ ತುಂಬ ಅಜ್ಜಿಯ ಸೆರಗು ಹಿಡಿದುಕೊಂಡೇ ಓಡಾಡಿದಳು. ಕೌಂಟರಿನ ಹೆಂಗಸು ಟಿಕೆಟು ಬಿಡಿಸಿ, ಆ ದಪ್ಪ ಹಾಳೆಯನ್ನು ಬೆರಳಲ್ಲಿ ತಡವಿ, ಇದನ್ನು ಬರೆದ ಏಜೆಂಟು ಯಾರು ಎಂದು ಕೇಳಿದಳು. ನಾನು ಎಂದೆ. ವಿಮಾನ ಖಾಲಿ ಇದೆ, ನಿಮ್ಮ ಅತ್ತೆ ಎಲ್ಲಿ ಬೇಕಾದರೂ ಕೂರಬಹುದು ಎಂದಳು. ಅತ್ತೆಗೆ ಅದನ್ನು ತುಳುವಿನಲ್ಲಿ ಹೇಳಿದೆ.

ಅತ್ತೆ ಸೆರಗನ್ನು ವೀಣಾಳ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡರು. ನನ್ನ ಮುಖ ನೋಡಿದರು.

"ಸೀಟು ಉಂಟಂತೆ ವಾರಿಜಾ" ಎಂದರು.

"ಉಂಟು ಮಾಮಿ" ಎಂದೆ.